ಹಳೆಯ ನಕ್ಷೆಯಲ್ಲೊಂದು ಹೊಳೆ, ಒಂದು ರೈಲುದಾರಿ

ಪಿಯುಸಿ ಭೂಗೋಳದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂತೆಂದರೆ ಕೆಲವು ಮನೆಗಳಲ್ಲಿ ಒಂದು ಜಪ ಶುರುವಾಗುತ್ತದೆ. ‘ನೀಲಿ ಅಂದರೆ ನೀರು, ಹಸಿರು ಅಂದರೆ ಕಾಡು, ಹಳದಿ ಅಂದರೆ ಸಾಗುವಳಿ, ಕೆಂಪು ಅಂದರೆ ರಸ್ತೆ ಮತ್ತು ಊರು, ಕಂದು ಅಂದರೆ ಸಮೋನ್ನತಿ ರೇಖೆ...’ ಹೀಗೆ. ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕುಳಿತ ಅಪ್ಪನಿಗೋ ಅಮ್ಮನಿಗೋ ಒಂದು ಪ್ರಶ್ನೆ ಹುಟ್ಟುವುದೂ ಸಹಜ: ಇದನ್ನೆಲ್ಲ ಬಾಯಿಪಾಠ ಮಾಡಿ ಆಗಬೇಕಾದ್ದೇನು? ಪರೀಕ್ಷೆ ಮುಗಿದ ಮರುದಿನ ಮರೆತುಹೋಗುವ ಪಾಠವಲ್ಲವೇ ಇದು?

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಒಂದೇ ಒಂದು ಹಾಳೆಯನ್ನು ಬಿಡಿಸಿ ನೋಡಿದರೆ ಸಾಕು. ಅದರ ಸಂಖ್ಯೆ 48 ಜೆ/16. ಭಾರತೀಯ ಸರ್ವೇಕ್ಷಣಾ ಇಲಾಖೆಯ ಲೆಕ್ಕದಲ್ಲಿ ಜೋಗ ಜಲಪಾತ, ಲಿಂಗನಮಕ್ಕಿ ಮತ್ತು ತಾಳಗುಪ್ಪ ರೈಲು ನಿಲ್ದಾಣ ಮೂರೂ ಬೀಳುವುದು ಈ ಒಂದೇ ಹಾಳೆಯಲ್ಲಿ. ಆದರೆ ಇಂದಿನದಲ್ಲ, 1964ಕ್ಕಿಂತ ಹಿಂದಿನ ಅಳತೆಯ ಹಾಳೆಯನ್ನು ಹುಡುಕಬೇಕು. ಏಕೆಂದರೆ ಆ ವರ್ಷ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಿತು. ಆಮೇಲಿನ ನಕ್ಷೆಯಲ್ಲಿ ನೀಲಿ ಬಣ್ಣ ಹರಡಿಕೊಂಡ ಜಾಗದಲ್ಲಿ, ಅದಕ್ಕೆ ಮುಂಚಿನ ನಕ್ಷೆಯಲ್ಲಿ ಊರುಗಳಿವೆ.

ಹಾಳೆಗೆ ಆ ಹೆಸರೇಕೆ?

ಮೊದಲು ಆ ಸಂಖ್ಯೆಯ ಗುಟ್ಟು ತಿಳಿದುಕೊಳ್ಳೋಣ. ಭಾರತ ಮತ್ತು ಸುತ್ತಲಿನ ದೇಶಗಳನ್ನು ಸರ್ವೇಕ್ಷಣಾ ಇಲಾಖೆ ತಲಾ 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ಹಂಚಿತು. ಪೂರ್ವ ರೇಖಾಂಶ 72ರಿಂದ 76, ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿಯ ಚೌಕಕ್ಕೆ ಸಿಕ್ಕ ಸಂಖ್ಯೆ 48. ಅದನ್ನು ಮತ್ತೆ ಒಂದೊಂದು ಡಿಗ್ರಿಯ 16 ಭಾಗ ಮಾಡಿ ‘ಎ’ಯಿಂದ ‘ಪಿ’ವರೆಗೆ ಇಂಗ್ಲಿಷ್ ಅಕ್ಷರ ಕೊಟ್ಟರು. ಮೇಲಿನಿಂದ ಕೆಳಕ್ಕೆ, ಸಾಲಿನಿಂದ ಸಾಲಿಗೆ ಎಣಿಸುತ್ತಾ ಹೋದರೆ 74ರಿಂದ 75, 14ರಿಂದ 15 ಡಿಗ್ರಿಯ ಚೌಕ ‘ಜೆ’ ಆಗುತ್ತದೆ. ಆ ‘ಜೆ’ಯನ್ನು ಪುನಃ 15 ಮಿನಿಟಿನ 16 ತುಂಡು ಮಾಡಿದರೆ ಆಗ್ನೇಯ ಮೂಲೆಯ ಕೊನೆಯ ತುಂಡೇ 16. ಮನೆಗೆ ಬೀದಿ, ಅಡ್ಡರಸ್ತೆ, ಬಾಗಿಲ ಸಂಖ್ಯೆ ಇರುವ ಹಾಗೆ ನೆಲಕ್ಕೂ ಒಂದು ವಿಳಾಸ. ಸಾಗರ ಪಟ್ಟಣ 75 ಡಿಗ್ರಿ ರೇಖೆಯ ಆಚೆ ಕೂದಲೆಳೆಯಷ್ಟು ಪೂರ್ವಕ್ಕಿರುವುದರಿಂದ ಅದು ಪಕ್ಕದ 48 ಎನ್/4 ಹಾಳೆಗೆ ಹೋಯಿತು. ಸಾಗರದಿಂದ ಜೋಗಕ್ಕೆ ಹೊರಟವರು ನಕ್ಷೆಯಲ್ಲಿ ಎರಡು ಹಾಳೆ ಜೋಡಿಸಿಕೊಳ್ಳಬೇಕು!

ಆ ಕಾಲದ ಹಾಳೆಗಳು ‘ಒಂದಂಗುಲ’ದ ನಕ್ಷೆಗಳು. ಅಂದರೆ ಕಾಗದದ ಮೇಲಿನ ಒಂದು ಅಂಗುಲ ನೆಲದ ಮೇಲೆ ಒಂದು ಮೈಲಿ, ಪ್ರಮಾಣ 1:63,360. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಒಂದು ಮೈಲಿಗೆ ಅಷ್ಟೇ ಅಂಗುಲ. ಹೀಗಾಗಿ 48 ಜೆ/16 ಹಾಳೆ ಸುಮಾರು 17 ಅಂಗುಲ ಎತ್ತರ, ಹೆಚ್ಚೂಕಡಿಮೆ ಅಷ್ಟೇ ಅಗಲ. ಅಡಿಪಟ್ಟಿ ಇಟ್ಟು ಅಳೆದರೆ ಮೈಲಿ ನೇರವಾಗಿ ಸಿಕ್ಕಿಬಿಡುತ್ತದೆ, ಗುಣಾಕಾರದ ಗೊಡವೆ ಇಲ್ಲ. ದೇಶ ಮೆಟ್ರಿಕ್ ಪದ್ಧತಿಗೆ ಬಂದ ಮೇಲೆ ಈ ನಕ್ಷೆಗಳ ಜಾಗವನ್ನು 1:50,000 ಪ್ರಮಾಣದವು ತೆಗೆದುಕೊಂಡವು. ಇಂದು ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ನೋಡುವುದು ಇವನ್ನೇ.

ಉಪಗ್ರಹ, ಗಣಕಯಂತ್ರ ಯಾವುದೂ ಇಲ್ಲದ ಕಾಲದಲ್ಲಿ ಇಂಥ ನಕ್ಷೆ ಮಾಡಿದ ಬಗೆ ಕೇಳಿದರೆ ಆಶ್ಚರ್ಯವಾಗುತ್ತದೆ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಹತ್ತಿರ ವಿಲಿಯಂ ಲ್ಯಾಂಬ್ಟನ್ ನೆಲದ ಮೇಲೆ ಸರಪಳಿ ಹಿಡಿದು ಅಳೆದ ಒಂದು ಗೆರೆಯಿಂದ ದೇಶದುದ್ದಕ್ಕೂ ತ್ರಿಕೋನಗಳ ಜಾಲ ಬೆಳೆಯಿತು. ಗುಡ್ಡದ ನೆತ್ತಿಯಿಂದ ಇನ್ನೊಂದು ಗುಡ್ಡದ ನೆತ್ತಿಗೆ ಥಿಯೊಡೊಲೈಟ್ ಯಂತ್ರದಲ್ಲಿ ಕೋನ ಅಳೆಯುವುದು, ಉಳಿದದ್ದನ್ನು ಗಣಿತದಿಂದ ಪಡೆಯುವುದು. ಆಮೇಲೆ ಸರ್ವೇಯರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಲಗೆ ಇಟ್ಟುಕೊಂಡು, ಕಾಗದ ಅಂಟಿಸಿಕೊಂಡು, ಕಣ್ಣಿಗೆ ಕಂಡ ಹಳ್ಳ, ದಿಣ್ಣೆ, ದೇವಸ್ಥಾನ, ಕಾಲುದಾರಿಗಳನ್ನು ಅಲ್ಲೇ ಗುರುತಿಸುತ್ತಾ ನಡೆಯಬೇಕು. ಮಲೆನಾಡಿನ ಕಾಡಿನಲ್ಲಿ ಎದುರಿನ ಗುಡ್ಡ ಕಾಣಬೇಕಾದರೆ ಎಷ್ಟೋ ಕಡೆ ಮರದ ಕೊಂಬೆ ಕಡಿಸಿ ನೋಟಕ್ಕೆ ದಾರಿ ಮಾಡಿಕೊಳ್ಳಬೇಕು. ನಕ್ಷೆಯ ಮೂಲೆಯಲ್ಲಿ ಆ ನಡೆದವರ ಹೆಸರಿರುವುದಿಲ್ಲ.

ಹೊಳೆ ನಡುವೆ ಒಂದು ಗಡಿ

ಈಗ ಹಾಳೆಯೊಳಗೆ ಇಳಿಯೋಣ. ಮೊದಲು ಕಣ್ಣಿಗೆ ಬೀಳಬೇಕಾದ್ದು ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಕಡಲು ಸೇರುವ ಹೊಳೆ ಇದು. ಜೋಗದ ಬಳಿ ಕಂದು ಗೆರೆಗಳನ್ನು ಗಮನಿಸಿ. ಒಂದಂಗುಲದ ನಕ್ಷೆಯಲ್ಲಿ ಪ್ರತಿ 50 ಅಡಿ ಎತ್ತರಕ್ಕೆ ಒಂದು ಸಮೋನ್ನತಿ ರೇಖೆ. ಗೆರೆಗಳು ದೂರ ದೂರ ಇದ್ದರೆ ನೆಲ ಸಪಾಟು, ಹತ್ತಿರ ಬಂದರೆ ಇಳಿಜಾರು. ಜೋಗದಲ್ಲಿ ನೀರು 830 ಅಡಿ ಒಮ್ಮೆಲೇ ಧುಮುಕುತ್ತದೆ. ಲೆಕ್ಕ ಹಾಕಿ: ಹದಿನಾರು ಗೆರೆಗಳು ಒಂದರ ಮೈಮೇಲೊಂದು ಬಿದ್ದು ಒಂದೇ ಗೆರೆಯಾಗಬೇಕು! ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಕಾಗದದ ಮೇಲೆ ಕೂದಲಿನ ದಪ್ಪ.

ಇನ್ನೊಂದು ವಿಶೇಷ. 1956ರ ನವೆಂಬರ್ 1ಕ್ಕಿಂತ ಹಿಂದೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಜೋಗದ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಹೀಗಾಗಿ ಆ ಕಾಲದ ನಕ್ಷೆಯಲ್ಲಿ ಜಲಪಾತದ ಬಳಿ ಹೊಳೆಯ ಜೊತೆಗೇ ರಾಜ್ಯದ ಗಡಿಯೂ ಹೋಗುತ್ತದೆ. ಎರಡೂ ದಡದ ಜನ ಆಡುತ್ತಿದ್ದದ್ದು ಕನ್ನಡವೇ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಆ ಗೆರೆ ಬರೀ ಜಿಲ್ಲೆಯ ಗಡಿಯಾಗಿ ಉಳಿಯಿತು. ಏಕೀಕರಣದ ಪಾಠವನ್ನು ಇತಿಹಾಸದ ಪುಸ್ತಕದಲ್ಲಿ ಓದುವ ವಿದ್ಯಾರ್ಥಿ ಎರಡು ಕಾಲದ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ, ಗೆರೆ ಬದಲಾದದ್ದನ್ನು ಕಣ್ಣಾರೆ ನೋಡಬಹುದು.

ಹೆಸರುಗಳೂ ಮಾತಾಡುತ್ತವೆ. ಇಂಗ್ಲಿಷರು ಜೋಗವನ್ನು ‘ಗೇರುಸೊಪ್ಪೆ ಜಲಪಾತ’ ಎನ್ನುತ್ತಿದ್ದರು. ಗೇರುಸೊಪ್ಪೆ ಇರುವುದಾದರೋ ಹೊಳೆಯ ಕೆಳಗೆ, ಘಟ್ಟದ ಬುಡದಲ್ಲಿ. ಲಿಂಗನಮಕ್ಕಿಯ ‘ಮಕ್ಕಿ’ ಎಂದರೆ ಮಳೆ ನೀರನ್ನು ನಂಬಿದ ಇಳಿಜಾರಿನ ಗದ್ದೆ. ಮಾವಿನಗುಂಡಿಯಲ್ಲಿ ಗುಂಡಿ ಇದೆ. ಹೊಳೆಬಾಗಿಲು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ, ಹೊಳೆ ದಾಟುವವರಿಗೆ ಅದೇ ಬಾಗಿಲು. ನಕ್ಷೆ ಬರುವುದಕ್ಕೆ ಎಷ್ಟೋ ಮುಂಚೆಯೇ ಹಳ್ಳಿಯವರು ತಮ್ಮ ನೆಲವನ್ನು ಹೀಗೆ ಹೆಸರಿನಲ್ಲೇ ಬರೆದಿಟ್ಟಿದ್ದರು.

ತಾಳಗುಪ್ಪದಲ್ಲಿ ನಿಂತ ರೈಲು

ಹಾಳೆಯ ಮೇಲಿನ ಕಪ್ಪು ಗೆರೆ ರೈಲುದಾರಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಮುಂದಿನ ಕೆಲಸ 1930ರ ದಶಕದಲ್ಲಿ ತುಂಡು ತುಂಡಾಗಿ ಸಾಗಿ, ಅರಸಾಳು, ಆನಂದಪುರ, ಸಾಗರ ದಾಟಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಈ ಅರಸಾಳು ನಿಲ್ದಾಣವನ್ನು ನೋಡದ ಟಿ.ವಿ. ವೀಕ್ಷಕರು ಕಡಿಮೆ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆದಾಗ ಮಾಲ್ಗುಡಿಯ ಸ್ಟೇಷನ್ ಆಗಿದ್ದು ಇದೇ.

ಹಾಗಾದರೆ ರೈಲು ತಾಳಗುಪ್ಪದಲ್ಲೇ ಏಕೆ ನಿಂತಿತು? ಹೊನ್ನಾವರ ದೂರವೇನಲ್ಲ. ಉತ್ತರ ಮತ್ತೆ ಕಂದು ಗೆರೆಗಳಲ್ಲೇ ಇದೆ. ರೈಲಿನ ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುತ್ತದೆ. ಬಸ್ಸು ಏರಿದ ಹಾಗೆ ಅದು ಏರಲಾರದು. 100 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ದಾರಿ ಎಂದಿಟ್ಟುಕೊಳ್ಳಿ. ಇಳಿಯಬೇಕಾದ ಎತ್ತರ ಲೆಕ್ಕಕ್ಕೆ 1,800 ಅಡಿ ಎನ್ನಿ. ಆಗ ಇಳಿಜಾರಿಗೇ 1,80,000 ಅಡಿ, ಅಂದರೆ 34 ಮೈಲಿ ಉದ್ದದ ದಾರಿ ಬೇಕು. ಆದರೆ ಘಟ್ಟ ಅಷ್ಟು ಜಾಗ ಕೊಡುವುದಿಲ್ಲ. ಬಹುಪಾಲು ಎತ್ತರವನ್ನು ಕೆಲವೇ ಮೈಲಿಗಳಲ್ಲಿ ಇಳಿಸಿಬಿಡುತ್ತದೆ. ಸುತ್ತುಬಳಸು, ಸುರಂಗ, ಸೇತುವೆ ಇಲ್ಲದೆ ಆಗದ ಕೆಲಸ ಅದು. ಕೆಳಗೆ ಹೊನ್ನಾವರದಲ್ಲಿ ಇಂದು ಕೊಂಕಣ ರೈಲು ಓಡುತ್ತದೆ. ಆ ಮಾರ್ಗದಲ್ಲೇ ಅತಿ ಉದ್ದವಾದ, 2 ಕಿ.ಮೀ.ಗೂ ಮಿಗಿಲಾದ ಸೇತುವೆ ಶರಾವತಿಯ ಮೇಲೆಯೇ ಇದೆ. ಮೇಲೆ ತಾಳಗುಪ್ಪಕ್ಕೆ 2011ರಲ್ಲಿ ಬ್ರಾಡ್‌ಗೇಜ್ ಬಂತು. ಮೇಲಿನ ಹಳಿಗೂ ಕೆಳಗಿನ ಹಳಿಗೂ ನಂಟು ಮಾತ್ರ ಬೆಳೆದಿಲ್ಲ. ಜೋಗ ನೋಡಲು ರೈಲಿನಲ್ಲಿ ಬರುವವರಿಗೆ ಇಂದಿಗೂ ಹತ್ತಿರದ ನಿಲ್ದಾಣ ತಾಳಗುಪ್ಪವೇ.

1,819 ಅಡಿಯ ಗೆರೆ

ಇಷ್ಟು ಹೊತ್ತು ನೋಡಿದ್ದು ನಕ್ಷೆಯಲ್ಲಿ ಇರುವುದನ್ನು. ಇನ್ನು ನೋಡಬೇಕಾದ್ದು ಆಮೇಲೆ ಏನಾಯಿತು ಎಂಬುದನ್ನು.

ಶರಾವತಿಯಿಂದ ವಿದ್ಯುತ್ ತೆಗೆಯುವ ಕೆಲಸ ಲಿಂಗನಮಕ್ಕಿಗಿಂತ ಹಳೆಯದು. ಹೊಳೆಯ ಮೇಲ್ಭಾಗದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿ, 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಮುಂದೆ ಮಹಾತ್ಮ ಗಾಂಧಿ ಹೆಸರು ಪಡೆದ ಈ ಕೇಂದ್ರದ ಅಂದಿನ ಸಾಮರ್ಥ್ಯ 120 ಮೆಗಾವಾಟ್ ಆಗಿತ್ತು. ಬೆಳೆಯುತ್ತಿದ್ದ ನಾಡಿಗೆ ಇದು ಸಾಲದಾಯಿತು. ಆಗ ಎದ್ದದ್ದು ಸುಮಾರು 2.7 ಕಿ.ಮೀ. ಉದ್ದದ ಲಿಂಗನಮಕ್ಕಿ ಅಣೆಕಟ್ಟೆ. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳಿಗೂ ಊರೂರಿನ ಪಂಪ್‌ಸೆಟ್ಟುಗಳಿಗೂ ಎಷ್ಟೋ ವರ್ಷ ಜೀವ ಕೊಟ್ಟದ್ದು ಈ ಹೊಳೆ.

ಈಗ ಒಂದು ನೀಲಿ ಪೆನ್ಸಿಲು ತೆಗೆದುಕೊಳ್ಳಿ. ಲಿಂಗನಮಕ್ಕಿ ಜಲಾಶಯ ಭರ್ತಿಯಾದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹಳೆಯ ನಕ್ಷೆಯಲ್ಲಿ ಅಣೆಕಟ್ಟೆಯ ಜಾಗ ಗುರುತಿಸಿ, ಅಲ್ಲಿಂದ ಹೊಳೆಯ ಮೇಲ್ಮುಖವಾಗಿ 1,800 ಅಡಿಯ ಸಮೋನ್ನತಿ ರೇಖೆಯನ್ನು ಹಿಡಿದು ಹೊರಡಿ. ಅದರ ಮೇಲಿನ ಗೆರೆ 1,850ರದ್ದು. ಎರಡರ ನಡುವೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಒಂದು ಗೆರೆ ಎಳೆಯುತ್ತಾ ಹೋಗಿ. ಪ್ರತಿ ಕಣಿವೆಯೊಳಗೂ ಗೆರೆ ನುಗ್ಗುತ್ತದೆ, ಹಳ್ಳದ ತಲೆಯವರೆಗೂ ಹೋಗಿ ಹಿಂದಿರುಗುತ್ತದೆ. ಹಾಳೆ ಮುಗಿದು ಪಕ್ಕದ ಹಾಳೆಗಳಿಗೂ ದಾಟುತ್ತದೆ. ಕೊನೆಗೆ ಆ ಗೆರೆಯ ಒಳಗೆಲ್ಲ ನೀಲಿ ತುಂಬಿ. ಇಂದಿನ ಲಿಂಗನಮಕ್ಕಿ ಹಿನ್ನೀರು ಕಣ್ಣೆದುರು ಮೂಡುತ್ತದೆ. ಜಲಾಶಯದ ದಡ ಎಂದರೆ ಬೇರೇನೂ ಅಲ್ಲ, ನೀರು ತಾನೇ ಎಳೆದ ಸಮೋನ್ನತಿ ರೇಖೆ! ಹಿನ್ನೀರಿನ ನಡುವೆ ಕಾಣುವ ನಡುಗಡ್ಡೆಗಳೆಲ್ಲ ಹಿಂದಿನ ಗುಡ್ಡಗಳ ನೆತ್ತಿಗಳು.

ಹೀಗೆ ಬಣ್ಣ ತುಂಬುವಾಗ ಪೆನ್ಸಿಲಿನ ಕೆಳಗೆ ಏನೇನು ಹೋಯಿತು ಎಂಬುದನ್ನು ಗಮನಿಸಬೇಕು. ಮಲೆನಾಡಿನಲ್ಲಿ ಬಯಲುಸೀಮೆಯ ಹಾಗೆ ಮನೆಗಳೆಲ್ಲ ಒಂದೆಡೆ ಗುಂಪಾಗಿರುವುದಿಲ್ಲ. ಕಣಿವೆಯ ಉದ್ದಕ್ಕೆ ಇಲ್ಲೊಂದು ಮನೆ, ಅಲ್ಲೊಂದು ಮನೆ. ತಗ್ಗಿನಲ್ಲಿ ಗದ್ದೆ, ನೀರು ಸಿಗುವ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಮೇಲೆ ಕಾಡು. ಅಣೆಕಟ್ಟೆಯ ನೀರು ಏರುವುದು ಕೆಳಗಿನಿಂದ. ಆದ್ದರಿಂದ ಮೊದಲು ಮುಳುಗುವುದು ಗದ್ದೆ, ಆಮೇಲೆ ತೋಟ, ಆಮೇಲೆ ಮನೆಯಂಗಳ. ಕೊನೆಗೆ ಉಳಿಯುವುದು ಉಳಲಾಗದ ಗುಡ್ಡದ ನೆತ್ತಿ. ಒಂದು ಊರಿನ ನೆಲದಲ್ಲಿ ಅರ್ಧ ಮುಳುಗಿತು ಎಂದು ಕಡತದಲ್ಲಿ ಬರೆದರೆ ಅರ್ಧ ಉಳಿಯಿತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಸಮೋನ್ನತಿ ರೇಖೆ ಓದಲು ಬಂದವರಿಗೆ ಗೊತ್ತಾಗುತ್ತದೆ, ಹೋದ ಅರ್ಧದಲ್ಲೇ ಅನ್ನವಿತ್ತು.

ಸುಮಾರು 300 ಚದರ ಕಿ.ಮೀ. ನೆಲ ಹೀಗೆ ನೀರಿಗೆ ಸಂದಿತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿ, ದನಕರು ಹೊಡೆದುಕೊಂಡು ಹೊರಟವು. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ ಅರಣ್ಯಭೂಮಿಯಲ್ಲಿ ಅವರಿಗೆ ನೆಲೆ ತೋರಿಸಲಾಯಿತು. ಆ ನೆಲಕ್ಕೆ ಹಕ್ಕುಪತ್ರ ಪಡೆಯುವ ಅಲೆದಾಟ ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯಿತು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಮುಳುಗಡೆಯನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜ ಅವರು (1937–2025) ಅದನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರ ಮಾಡಿದರು. ನಕ್ಷೆಯ ಪಕ್ಕದಲ್ಲಿಟ್ಟುಕೊಂಡು ಓದಬೇಕಾದ ಪುಸ್ತಕಗಳಿವು.

ಹೊರಟವರ ಕಷ್ಟ ಒಂದು ತೆರನಾದರೆ ಉಳಿದವರದು ಇನ್ನೊಂದು. ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ತಾಲ್ಲೂಕು ಕೇಂದ್ರವಾದ ಸಾಗರ ನಡುವೆ ನೀರು ಬಂದು ದೂರವಾಯಿತು. ದಶಕಗಳ ಕಾಲ ಹೊಳೆಬಾಗಿಲಿನ ಲಾಂಚೇ ಗತಿ. ಕತ್ತಲಾದರೆ ಲಾಂಚ್ ಇಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದರೆ ವಾಹನ ದಾಟಿಸುವುದೂ ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಮಾಡುವುದು ಎಂಬುದು ಅಲ್ಲಿನ ಮನೆಗಳಲ್ಲಿ ಪ್ರತಿದಿನದ ಚಿಂತೆಯಾಗಿತ್ತು. ನಾಡಿಗೆ ಬೆಳಕು ಕೊಟ್ಟವರ ಪಾಲಿನ ಕತ್ತಲೆ ಇದು. ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಆಗ 61 ವರ್ಷ.

ಒಂದಂಗುಲದ ಹಳೆಯ ನಕ್ಷೆಯ ಮೇಲೆ ಈ ಸೇತುವೆಯನ್ನು ಗುರುತು ಮಾಡಿದರೆ ಒಂದೂವರೆ ಅಂಗುಲ ಉದ್ದದ ಗೆರೆ. ತಮಾಷೆಯೆಂದರೆ ಆ ಗೆರೆಯ ಬಹುಭಾಗ ಹಳೆಯ ನಕ್ಷೆಯಲ್ಲಿ ಒಣನೆಲದ ಮೇಲೆ ಬೀಳುತ್ತದೆ. ಅಷ್ಟು ದೊಡ್ಡ ಸೇತುವೆಯ ಕೆಳಗೆ ಅಂದು ಇದ್ದದ್ದು ದೋಣಿಯಲ್ಲಿ ದಾಟುವ ಒಂದು ಹೊಳೆ, ಉಳಿದದ್ದೆಲ್ಲ ಜನ ನಡೆದಾಡಿದ ಜಾಗ.

ನಕ್ಷೆ ಎಲ್ಲಿ ಸಿಕ್ಕೀತು?

ಹಿಂದೆ ಗಡಿ ಮತ್ತು ಕರಾವಳಿ ಪ್ರದೇಶದ ಇಂಥ ಹಾಳೆಗಳು ಜನಸಾಮಾನ್ಯರ ಕೈಗೆ ಸುಲಭವಾಗಿ ಬರುತ್ತಿರಲಿಲ್ಲ. ರಕ್ಷಣೆಯ ಕಾರಣ ಹೇಳಿ ಬೀಗ ಹಾಕಲಾಗಿತ್ತು. 2005ರ ನಕ್ಷಾ ನೀತಿ ಆ ಬೀಗವನ್ನು ಸಡಿಲಿಸಿತು, 2021ರ ಹೊಸ ನಿಯಮಗಳು ಬಾಗಿಲು ಇನ್ನಷ್ಟು ತೆರೆದವು. ಇಂದು 1:50,000 ಪ್ರಮಾಣದ ಹೊಸ ನಕ್ಷೆಗಳನ್ನು ಸರ್ವೇಕ್ಷಣಾ ಇಲಾಖೆಯ ಅಂತರಜಾಲ ತಾಣದಿಂದ ಪಡೆಯಬಹುದು. ಇವುಗಳಲ್ಲಿ ಸಮೋನ್ನತಿ ರೇಖೆಯ ಅಂತರ ಮೀಟರಿನಲ್ಲಿರುತ್ತದೆ. ಆಗ 1,819 ಅಡಿಯನ್ನು 554 ಮೀಟರ್ ಎಂದು ಓದಿಕೊಳ್ಳಬೇಕು. ಹಳೆಯ ಕಾಲದ ಚಿತ್ರ ಬೇಕಾದವರಿಗೆ, ಅಮೆರಿಕದ ಸೇನಾ ನಕ್ಷಾ ವಿಭಾಗ 1950ರ ದಶಕದಲ್ಲಿ ಮುದ್ರಿಸಿದ 1:2,50,000 ಪ್ರಮಾಣದ ಭಾರತದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಅಂಗುಲಕ್ಕೆ ಸುಮಾರು ನಾಲ್ಕು ಮೈಲಿಯ ಈ ನಕ್ಷೆಗಳಲ್ಲಿ ಮನೆಮನೆ ಕಾಣದಿದ್ದರೂ ಹೊಳೆ, ರೈಲು, ದೊಡ್ಡ ಊರು ಕಾಣುತ್ತವೆ. ಊರೊಳಗಿನ ಸರ್ವೆ ನಂಬರು ಬೇಕಾದವರಿಗೆ ರಾಜ್ಯದ ಭೂಮಾಪನ ಇಲಾಖೆಯ ಗ್ರಾಮನಕ್ಷೆಗಳಿವೆ.

ಶರಾವತಿಯ ಕಡೆಯವರಲ್ಲದವರೂ ಇದನ್ನು ಮಾಡಬಹುದು. ತುಂಗಭದ್ರಾ, ಆಲಮಟ್ಟಿ, ಕಬಿನಿ, ಹಾರಂಗಿ ಎಲ್ಲಕ್ಕೂ ಒಂದು ಭರ್ತಿ ಮಟ್ಟವಿದೆ, ಒಂದು ಹಳೆಯ ನಕ್ಷೆಯಿದೆ. ರಜೆಯಲ್ಲಿ ಮಕ್ಕಳಿಗೆ ಒಂದು ಟ್ರೇಸಿಂಗ್ ಕಾಗದ, ಒಂದು ನೀಲಿ ಪೆನ್ಸಿಲು ಕೊಡಿಸಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಕ್ಷೆ ಮಾಡಿದ ಸರ್ವೇಯರಿಗೆ ಹೊಳೆಯ ಹೆಸರು ಗೊತ್ತಿತ್ತು, ಊರಿನ ಹೆಸರು ಗೊತ್ತಿತ್ತು. ಆದರೆ ಯಾವ ಗದ್ದೆಗೆ ಏನೆನ್ನುತ್ತಿದ್ದರು, ಯಾವ ಹಳ್ಳದ ಸಂಕದ ಮೇಲೆ ಶಾಲೆಗೆ ಹೋಗುತ್ತಿದ್ದರು, ಯಾವ ಮರದಡಿ ಭೂತನ ಕಲ್ಲಿತ್ತು ಎಂಬುದು ಆ ಹಾಳೆಯಲ್ಲಿ ಇಲ್ಲ. ಅದು ಹೇಳಿ ಬರೆಸುವವರ ನೆನಪಿನಲ್ಲಿದೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ.

ಹಿರೇಭಾಸ್ಕರ ಅಣೆಕಟ್ಟೆ ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿಹೋಯಿತು. ಮಳೆ ಕೈಕೊಟ್ಟು ನೀರು ಬಹಳ ಇಳಿದ ವರ್ಷ ಅದು ಮತ್ತೆ ತಲೆ ಎತ್ತುತ್ತದೆ. ಜನ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಾರೆ. ಮುಳುಗಿದ ಊರುಗಳಿಗೆ ಆ ಭಾಗ್ಯವೂ ಇಲ್ಲ. ಅವು ತಲೆ ಎತ್ತಬೇಕಾದರೆ ಯಾರಾದರೂ ಹಳೆಯ ನಕ್ಷೆ ಬಿಡಿಸಬೇಕು, ಪಕ್ಕದಲ್ಲಿ ಕುಳಿತವರನ್ನು ‘ಇಲ್ಲಿ ಏನಿತ್ತು?’ ಎಂದು ಕೇಳಬೇಕು.